ತೊಟ್ಟಿಲಿನ ಮೊದಲ ಕೂಸು

ಮಾತನಾಡುವ ತೊಟ್ಟಿಲು ತನ್ನಲ್ಲಿ ಮೊದಲು ಮಲಗಿದವರನ್ನೇ ಕೂಸೆಂದು ಗುರುತಿಟ್ಟುಕೊಳ್ಳುತ್ತದೆ. ಇದು ಗದಗಿನ ಬಾಣಂತಿಯರಿಗೆಲ್ಲ ಗೊತ್ತು. ಆದರೂ ಹೆಸರಿಡುವ ದಿನ ಮೈತ್ರಾಳ ತಾಯಿ ಅಂಬಕ್ಕ, ಹಿಂದಿನಿಂದ ಬಂದ ಪದ್ಧತಿಯಂತೆ, ಕೂಸಿನ ಕುಂಚಿಗೆ ತೊಡಿಸಿದ ಗುಂಡುಕಲ್ಲನ್ನು ಮೊದಲು ಮಲಗಿಸಿದಳು.

"ಮಗು ಗಟ್ಟಿಮುಟ್ಟಾಗಿದೆ," ಎಂದಿತು ತೊಟ್ಟಿಲು.

ಹೆರಿಗೆಯಾದಂದಿನಿಂದ ಮೈತ್ರಾ ಹಾಲೂಡಿಸಲು ಕುಳಿತರೆ ಅಂಬಕ್ಕ ಎದುರಿಗೆ ಹಾಜರು. "ಈ ಕಡೆ ಆತು, ಆ ಕಡೆ ಹಾಕು. ಹಾಲು ಸಾಲವಲ್ದು ನೋಡು, ಸಬ್ಬಸಗಿ ಪಲ್ಯ ತಿನ್ನಂದ್ರ ತಿನ್ನಂಗಿಲ್ಲ." ಆ ದನಿಗೆ ಕೂಸು ಬೆಚ್ಚಿ ಮೊಲೆ ಬಿಡುತ್ತಿತ್ತು, ಮೈತ್ರಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ಸಲವಾದರೂ ಕೂಸು ಹೊಟ್ಟೆ ತುಂಬ ಕುಡಿದರೆ ಸಾಕಿತ್ತು ಅವಳಿಗೆ.

ಇಂದು ಅಂಬಕ್ಕ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ತೊಟ್ಟಿಲು ಗದರಿತು: "ಮಗು ಎರಡು ದಿನದಿಂದ ಹಾಲು ಕುಡಿದಿಲ್ಲ. ಅಜ್ಜಿ ಏನು ಮಾಡುತ್ತಿದ್ದಾರೆ?"

"ಅಯ್ಯ, ಅದು ಕಲ್ಲೋ ನಮ್ಮಪ್ಪಾ!"

"ಮಗುವನ್ನು ಹಾಗೆ ಬೈಯಬಾರದು. ಸ್ವಲ್ಪ ಮೆಲ್ಲಗೆ ತೂಗಿ."

"ನನಗ ತೂಗೂದು ಕಲಸ್ತೀಯೇನು? ನಾಕು ಹಡದಾಕಿ ನಾನು!" ಅಂಬಕ್ಕ ಮಣೆ ಎಳೆದುಕೊಂಡು ತೊಟ್ಟಿಲಿನ ಮುಂದೆಯೇ ಕುಳಿತಳು. ವಾದ ಸಬ್ಬಸಿಗೆಯಿಂದ ಸಾಂಬ್ರಾಣಿ ಹೊಗೆಯವರೆಗೆ ಬೆಳೆಯಿತು. ಇಬ್ಬರೂ ಸೋಲಲೊಲ್ಲರು.

ಮೈತ್ರಾ ಕೂಸನ್ನೆತ್ತಿಕೊಂಡು ಮೆಲ್ಲಗೆ ಒಳಕೋಣೆಗೆ ಜಾರಿದಳು. ಅಲ್ಲಿ ಕೂಸು ಎರಡೂ ಕಡೆ ಕುಡಿದು, ತೇಗಿ, ನಿದ್ದೆಹೋಯಿತು.

ಅಷ್ಟರಲ್ಲಿ ಗಂಡನ ಫೋನು. "ನಾಳೆ ತೊಟ್ಟಿಲು ರಿಪೇರಿಯವ ಬರ್ತಾನ."

"ಬ್ಯಾಡ ಅನ್ರಿ," ಪಿಸುಗುಟ್ಟಿದಳು ಮೈತ್ರಾ. "ಕಲ್ಲಿಗೆ ಇನ್ನೊಂದು ಕುಂಚಿಗಿ ತರ್ರಿ."