ಮರದ ಆಚೆ ಮಗ್ಗುಲು

ದಾರಿ ಎರಡಾಗುವಲ್ಲಿ ಓಲೀಟಾ ಗಾಡಿ ನಿಲ್ಲಿಸಿ ಗಂಡನ ಮುಖ ನೋಡಿದಳು. ಎಡಕ್ಕೆ ಹೋದರೆ ಟರ್ಕಿ ಕೋಳಿಗಳು ಮೇಯುವ ಗುಡ್ಡ, ಬಲಕ್ಕೆ ಹೋದರೆ ಅಳಿಲುಗಳು ತುಂಬಿದ ಹಿಕರಿ ಮರದ ತೋಪು. ಜನವರಿಯ ಶನಿವಾರ, ನೆಲದ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು.

“ಟರ್ಕಿ,” ಎಂದ ಡಾರ್ಸಿ.

“ಮತ್ತೆ ಟರ್ಕೀನಾ? ಮೂರು ವಾರದಿಂದ ಕೂತೂ ಕೂತೂ ನನ್ನ ಸೊಂಟ ಕಲ್ಲಾಗಿದೆ. ಒಂದು ಪುಕ್ಕಾನೂ ಕಾಣ್ಲಿಲ್ಲ.”

ಡಾರ್ಸಿಗೆ ಬೇಕಾಗಿದ್ದದ್ದೂ ಅದೇ. ಟರ್ಕಿ ಬೇಟೆಯೆಂದರೆ ಮರಕ್ಕೊರಗಿ ಸುಮ್ಮನೆ ಕೂರುವುದು. ಹಕ್ಕಿಯನ್ನು ಸೆಳೆಯಲು ಪುಟ್ಟ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೆಣ್ಣುಕೋಳಿಯ ಕೂಗು ಹೊರಡಿಸುವುದು ಓಲೀಟಾಳ ಕೆಲಸ. ಹಕ್ಕಿ ಬರಲಿಲ್ಲವೋ, ತಪ್ಪು ಹಕ್ಕಿಯದು. ಅವನ ಕಣ್ಣಿನ ಸುದ್ದಿ ಯಾರೂ ಎತ್ತುವುದಿಲ್ಲ. ಎಲೆ ಉದುರುವ ಕಾಲದಿಂದಲೂ ಅವನಿಗೆ ಎಲ್ಲವೂ ಹೊಗೆಯೊಳಗಿಂದ ಕಂಡ ಹಾಗೆ ಕಾಣುತ್ತಿತ್ತು. ಮೊಣಕಾಲು ನೋವೆಂದು ಸ್ಟಿಯರಿಂಗ್ ಅವಳ ಕೈಗೆ ಬಿಟ್ಟಿದ್ದ, ಗಂಟಲು ಕಟ್ಟಿದೆಯೆಂದು ಚರ್ಚಿನಲ್ಲಿ ಹಾಡಿನ ಪುಸ್ತಕ ಬಿಡಿಸುವುದನ್ನೇ ನಿಲ್ಲಿಸಿದ್ದ. ಅವನ ಅಣ್ಣನಿಗೂ ಹೀಗೇ ಆಗಿತ್ತು. ಮಕ್ಕಳು ಕೋವಿ ಕಿತ್ತುಕೊಂಡು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು, ಎರಡು ವರ್ಷಕ್ಕೆ ಅಲ್ಲೇ ಕೂತು ಹೋಗಿಬಿಟ್ಟ. ಕುರ್ಚಿಗಿಂತ ಹೆಚ್ಚಾಗಿ ಡಾರ್ಸಿ ಹೆದರಿದ್ದು ಈ ಶನಿವಾರಗಳು ಕೈತಪ್ಪುವುದಕ್ಕೆ. ನಲವತ್ತೊಂದು ವರ್ಷದಿಂದ ಚಳಿಗಾಲದ ಶನಿವಾರವೆಂದರೆ ಅವರಿಬ್ಬರದೇ, ಮೂರನೆಯವರಿಗೆ ಅದರಲ್ಲಿ ಪಾಲಿರಲಿಲ್ಲ.

ಗಾಳಿ ಇದೆ ಎಂದ. ಈ ಚಳಿಗೆ ಅಳಿಲು ಗೂಡು ಬಿಟ್ಟು ಬರುವುದಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಓಲೀಟಾ ಗಾಡಿಯನ್ನು ಬಲಕ್ಕೆ ತಿರುಗಿಸಿಯೇಬಿಟ್ಟಳು. ನಾಳೆ ಮಗಳು ಬರುತ್ತಾಳೆ, ಹಿಟ್ಟಿನ ಉಂಡೆ ಹಾಕಿ ಬೇಯಿಸಿದ ಅಳಿಲಿನ ಸಾರೇ ಆಗಬೇಕಂತೆ. ಮಗಳ ಹೆಸರೆತ್ತಿದ ಮೇಲೆ ಮುದುಕ ಏನು ತಾನೇ ಹೇಳಿಯಾನು?

ಅಳಿಲು ಬೇಟೆಗೆ ಇಬ್ಬರು ಬೇಕು. ನಾವು ಮರದ ಈಚೆ ನಿಂತರೆ ಅದು ಆಚೆಗೆ ಸರಿಯುತ್ತದೆ. ಒಬ್ಬರು ಸದ್ದು ಮಾಡುತ್ತ ಮರದ ಹಿಂದೆ ಹೋಗಿ ಅದನ್ನು ಈಚೆಗೆ ಅಟ್ಟಬೇಕು, ಇನ್ನೊಬ್ಬರು ಕೋವಿ ಹಿಡಿದು ಕದಲದೆ ನಿಂತಿರಬೇಕು. ಮದುವೆಯಾದಾಗಿನಿಂದ ಹಿಂದೆ ಹೋಗುವವಳು ಅವಳು, ನಿಲ್ಲುವವನು ಅವನು. ಇವತ್ತೂ ಅವಳು ದೊಡ್ಡ ಹಿಕರಿಯ ಹಿಂದೆ ಹೋದಳು. ದೂರಕ್ಕೂ ಕಾಣಲೆಂದು ತೊಟ್ಟ ಅವಳ ಕಿತ್ತಳೆ ಬಣ್ಣದ ಅಂಗಿ ಬೊಡ್ಡೆಯ ಮರೆಗೆ ಪೂರ್ತಿ ಮುಚ್ಚಿಹೋಯಿತು.

ಡಾರ್ಸಿ ಕಣ್ಣು ಕಿರಿದು ಮಾಡಿ ನೋಡಿದ. ಬೊಡ್ಡೆಯ ಅಂಚಿನಲ್ಲಿ, ಆಳೆತ್ತರದಲ್ಲಿ, ಬೂದು ಬಣ್ಣದ್ದೇನೋ ಮೆಲ್ಲಗೆ ಅಲುಗಾಡಿತು. ಕಂಡಿತಲ್ಲ! ಎದೆ ಹಿಗ್ಗಿತು. ಕೋವಿ ಎತ್ತಿ ಗುರಿ ಹಿಡಿದ, ಬೆರಳು ಟ್ರಿಗರಿನ ಮೇಲೆ ಕೂತಿತು.

“ನಿನ್ನ ಕಡೆ ಬಂತಾ?” ಎಂಬ ದನಿ ಆ ಬೂದು ಬಣ್ಣದ ಹಿಂದಿನಿಂದಲೇ ಬಂತು.

ಅದು ಅವಳ ಕೈಗವಸು. ಕ್ರಿಸ್‌ಮಸ್‌ಗೆ ತಾನೇ ತಂದುಕೊಟ್ಟದ್ದು. ಬೇರು ದಾಟಲು ಮರಕ್ಕೆ ಕೈ ಕೊಟ್ಟಿದ್ದಳು. ಡಾರ್ಸಿ ಬೆರಳು ಹಿಂತೆಗೆದು ಕೋವಿ ಕೆಳಗಿಳಿಸಿದ.

ಅಷ್ಟು ದಪ್ಪ ಅಳಿಲು ನಿನ್ನ ಮೂಗಿನ ಮುಂದೆಯೇ ಹತ್ತಿಹೋಯಿತಲ್ಲ, ನಿದ್ದೆ ಮಾಡುತ್ತಿದ್ದೆಯಾ ಎಂದು ಗೊಣಗುತ್ತ ಅವಳು ಈಚೆ ಬಂದಳು. ತೋಟಾ ಥಂಡಿ ಹಿಡಿದಿತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಅವನು ಕೋವಿ ಮಡಚಿ ತೋಟಾ ಹೊರತೆಗೆದ.

“ಓಲೀಟಾ, ನಂಗೆ ಕಣ್ಣು ಕಾಣ್ತಿಲ್ಲ. ನಾನು ಗುರಿ ಹಿಡಿದಿದ್ದು ನಿನ್ನ ಕೈಗೆ.”

ಅವಳು ತನ್ನ ಕೈ ನೋಡಿಕೊಂಡಳು. ಬಿದ್ದಿದ್ದ ದಿಮ್ಮಿಯ ಮೇಲೆ ಧಪ್ಪನೆ ಕೂತಳು. ಆಮೇಲೆ ಕೈಗವಸು ಬಿಚ್ಚಿ ಅದರಿಂದಲೇ ಅವನ ತೋಳಿಗೆ ನಾಲ್ಕು ಬಾರಿಸಿದಳು, ಬಾರಿಸುತ್ತಲೇ ಅವನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ಅವನೂ ಅತ್ತ. ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಇಬ್ಬರೂ ಕಾಫಿ ಕುಡಿದರು.

ಕೋವಿ ಅಳಿಯನಿಗೆ ಕೊಟ್ಟುಬಿಡು, ನಂದು ಮುಗಿಯಿತು, ಮನೆಗೆ ನಡಿ ಎಂದ ಡಾರ್ಸಿ. ಓಲೀಟಾ ಮೂಗು ಒರೆಸಿಕೊಂಡಳು. ಬೂದು ಕೈಗವಸುಗಳನ್ನು ಅವನ ಜೇಬಿಗೆ ತುರುಕಿದಳು. ಮದುವೆಗೆ ಮುಂಚೆ ನಾಲ್ಕು ಜನ ಅಣ್ಣಂದಿರಿಗಿಂತ ಅವಳದೇ ಒಳ್ಳೆಯ ಗುರಿ. ಗಂಡನಿಗೆ ಆಸೆ ಅಂತ ಬಿಟ್ಟುಕೊಟ್ಟಿದ್ದಳು ಅಷ್ಟೇ. ಕೋವಿಗೂ ತೋಟಾಕ್ಕೂ ಕೈ ಚಾಚಿದಳು.

“ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ ಹೋಗೋದು. ಇವತ್ತು ನೀನು ಮರ ಸುತ್ತು. ಅಳಿಲು ಇನ್ನೂ ಮೇಲೇ ಇದೆ.”

ಡಾರ್ಸಿ ಮೊದಲ ಸಲ ಮರದ ಆಚೆ ಮಗ್ಗುಲಿಗೆ ಹೋದ. ಎರಡು ಹೆಜ್ಜೆ ಇಟ್ಟದ್ದೇ ಮುಳ್ಳುಬಳ್ಳಿ ಪ್ಯಾಂಟು ಹಿಡಿದು ಎಳೆಯಿತು. ಇನ್ನೊಂದು ಕುತ್ತಿಗೆ ಗೀರಿತು. ಬೇರಿಗೆ ಎಡವಿದ. ಶನಿವಾರ ಸಂಜೆಗಳಲ್ಲಿ ಅವಳು ಒಲೆಯ ಪಕ್ಕ ಕೂತು ಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತು. ಚಳಿಗೆ ಕಾಲು ಒಡೆದಿರಬೇಕು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದ.

“ಈ ಕಡೆ ಬರೀ ಮುಳ್ಳು ಕಣೇ,” ಎಂದು ಅಲ್ಲಿಂದಲೇ ಕೂಗಿದ. “ನಲವತ್ತೊಂದು ವರ್ಷದಲ್ಲಿ ಒಂದು ಸಲಾನಾದ್ರೂ ಹೇಳಿದ್ಯಾ ನೀನು?”

ಈಚೆ ಮಗ್ಗುಲಿನಿಂದ ಕೋವಿಯ ಕುದುರೆಯನ್ನು ಹಿಂದಕ್ಕೆಳೆದು ಸಜ್ಜು ಮಾಡಿದ ಸದ್ದು ಕೇಳಿತು.

“ಕಣ್ಣು ಕಾಣಲ್ಲ ಅಂತ ನೀನು ಹೇಳಿದ್ಯಾ?”