ನಡುವೆ ಯಾರೂ ಇಲ್ಲದ ಕನ್ಸೋಲ್

"ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು" ಎಂದಳು ಕುಮುದಾ. ನಿಮ್ಮಪ್ಪ ಎಂಬ ಆಸಾಮಿ ಅದೇ ಹಾಲ್‌ನಲ್ಲಿ, ಅವಳು ಕೈ ಚಾಚಿದರೆ ತಾಗುವಷ್ಟು ದೂರದಲ್ಲಿ, ಟಿವಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಪಪ್ಪಾ, ರೊಟ್ಟಿ" ಎಂದು ಮಗಳು ಸಂಹಿತಾ ಸೂಟ್‌ಕೇಸಿನ ಝಿಪ್ ಎಳೆಯುತ್ತಲೇ ಮಾತು ದಾಟಿಸಿದಳು. ಮಧ್ಯಾಹ್ನದ ರೈಲಿಗೆ ಅವಳು ಪುಣೆಯ ಹಾಸ್ಟೆಲಿಗೆ ಹೊರಟಿದ್ದಳು. ಹೋಳಿ ಹಬ್ಬದಿಂದ ಮನೀಶ್ ನಗರದ ಈ ಮನೆಯಲ್ಲಿ ಇದೇ ಪದ್ಧತಿ, ಗಂಡ ಹೆಂಡಿರ ಮಾತೆಲ್ಲ ಮಗಳ ಮೂಲಕವೇ. ಅಂದು ಕುಮುದಾ ತಂಗಿಯ ಸೀಮಂತವನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. ಸರಿಯಾಗಿ ಆರತಿ ಎತ್ತುವ ಹೊತ್ತಿಗೆ ಗಂಡ ಜಯಂತ ವೈಫೈ ಡಬ್ಬಿಯ ಅಡಾಪ್ಟರ್ ಕಿತ್ತು ತಾನು ಕಟ್ಟುತ್ತಿದ್ದ ಸರ್ಕ್ಯೂಟ್ ಬೋರ್ಡಿಗೆ ಹಚ್ಚಿಕೊಂಡ, ಕಾಲ್ ಕಟ್ಟಾಯಿತು. ಮೌದಾದ ಸ್ಥಾವರದಲ್ಲಿ ಕರೆಂಟು ಹುಟ್ಟಿಸುವ ಎಂಜಿನಿಯರನಿಗೆ ಮನೆಯಲ್ಲಿ ಬೇರೆ ಅಡಾಪ್ಟರ್ ಸಿಗಲಿಲ್ಲ, ಪಾಪ!

ಅಷ್ಟೆಲ್ಲ ಮಾಡಿ ಕಟ್ಟಿದ್ದೇನು? ಒಂದು ವಿಡಿಯೋ ಗೇಮ್ ಕನ್ಸೋಲ್. ಹಳೇ ಕಾಲದ್ದರಂತೆ ಕಾಣುತ್ತದೆ, ಆದರೆ ಅಂಥದ್ದೊಂದು ಹಳೇ ಕಾಲದಲ್ಲಿ ಇರಲೇ ಇಲ್ಲ, ಬರೀ ಕಲ್ಪನೆಯದು. ಹದಿನಾರೇ ಬಣ್ಣ, ಚೌಕ ಚೌಕ ಗೊಂಬೆಗಳು. ಜಗತ್ತೆಲ್ಲ ಅದನ್ನು ಒಂದು ಸಾಫ್ಟ್‌ವೇರಾಗಿ ಲ್ಯಾಪ್‌ಟಾಪಿನಲ್ಲಿ ಆಡುತ್ತದೆ. ಜಯಂತ ಮಹಾಶಯನಿಗೆ ಅಷ್ಟು ಸುಲಭವಾದರೆ ಹೇಗೆ?

"ನೋಡು ಸಂಹಿತಾ, ಲ್ಯಾಪ್‌ಟಾಪಿನ್ಯಾಗ ಆಟಕ್ಕೂ ಚಿಪ್ಪಿಗೂ ನಡಬರಕ ಆಪರೇಟಿಂಗ್ ಸಿಸ್ಟಂ ಅಂತ ಒಬ್ಬ ದಲ್ಲಾಳಿ ಇರ್ತಾನ. ಇಕಡೆ ಮಾತು ಅಕಡೆ ಮುಟ್ಟಸಾಂವ. ಅವನ್ನ ತಗದು ಒಗದೇನಿ. ಈಗ ಎಲ್ಲಾ ಡೈರೆಕ್ಟ್!"

"ನಿಮ್ಮಪ್ಪಗ ಕೇಳು" ಎಂದಳು ಕುಮುದಾ, ಚಕ್ಕುಲಿ ಡಬ್ಬಿಗೆ ಮುಚ್ಚಳ ಬಡಿಯುತ್ತ. "ಡೈರೆಕ್ಟ್ ಮಾತಾಡೂದು ಬರೇ ಚಿಪ್ಪಿನ ಜೋಡಿ ಬರತೈತೇನು?"

"ನಿಮ್ಮವ್ವಗ ಹೇಳು, ಚಿಪ್ಪು ಹಿಂಗ ಚುಚ್ಚಿ ಟೋಮಣಾ ಹೊಡಿಯೂದಿಲ್ಲ."

ಸ್ವಿಚ್ ಒತ್ತಿದ ತಕ್ಷಣ ಟಿವಿಯಲ್ಲಿ ಆಟ ಬಂತು. ಗೊಂಬೆ ಟಣ್ಣನೆ ಜಿಗಿಯಿತು, ಇನ್ನೊಮ್ಮೆ ಜಿಗಿಯಿತು, ಗಾಳಿಯಲ್ಲೇ ನಿಂತುಬಿಟ್ಟಿತು.

"ಕಾಯ್ ಝಾಲಂ ಪಪ್ಪಾ? ಏನಾತು?"

"ಎಲ್ಲೋ ತಪ್ಪೈತಿ. ನಡಬರಕ ಯಾರೂ ಇಲ್ಲಲ್ಲ, ಏನು ತಪ್ಪು ಅಂತ ಹೇಳವ್ರಿಲ್ಲ. ಹಿಂಗ ಸುಮ್ಮನ ನಿಂತು ಬಿಡತೈತಿ."

"ನಿಮ್ಮಪ್ಪನ ಗುಣಾನ ಬಂದೈತಿ" ಎಂದಳು ಕುಮುದಾ.

ಸಂಹಿತಾ ನಗಲಿಲ್ಲ. ಗಾಳಿಯಲ್ಲಿ ನಿಂತ ಆ ಗೊಂಬೆಯನ್ನೇ ನೋಡುತ್ತ ಸೂಟ್‌ಕೇಸಿನಿಂದ ಕೈ ತೆಗೆದಳು. "ಬಸ್ ಕರಾ ನಾ, ಸಾಕು ಮಾಡ್ರಿ! ನಾಳೆಯಿಂದ ನಾ ಇರೂದಿಲ್ಲ. ಆವಾಗ ಯಾರ ಕಡೆ ಹೇಳಸ್ತೀರಿ?" ಎಂದಳು, ಕಣ್ಣಲ್ಲಿ ನೀರು ತಂದುಕೊಂಡು. ಇಬ್ಬರೂ ರೊಟ್ಟಿಯ ಕಡೆ ನೋಡಿದರು. ಸ್ಟೇಷನ್‌ನಲ್ಲೂ ಒಬ್ಬರು ಚಕ್ಕುಲಿಯ ಬಗ್ಗೆ, ಇನ್ನೊಬ್ಬರು ಚಾರ್ಜರಿನ ಬಗ್ಗೆ ಅವಳಿಗೇ ಹೇಳಿದರು.

ರೈಲು ವರ್ಧಾ ದಾಟುವಷ್ಟರಲ್ಲಿ ತಾಯಿಯ ಫೋನ್ ಬಂತು. "ಮನಿ ಮುಟ್ಟಿದೇವು. ನಿಮ್ಮಪ್ಪಗ ಹೇಳು, ಚಹಾ ಆರಾಕತ್ತೈತಿ."

ಆ ಮಾತು ಮುಗಿಯುವ ಮೊದಲೇ ಅಪ್ಪನ ಫೋನೂ ಬಂತು. ಸಂಹಿತಾ ತಾಯಿಯನ್ನು ಕಾಯಿಸಿ ಅದನ್ನು ಎತ್ತಿದಳು. "ನಿಮ್ಮವ್ವಗ ಹೇಳು, ಚಹಾಕ ಸಕ್ಕರಿ ಬಿದ್ದಿಲ್ಲ."

ಅಬ್ಬಬ್ಬಾ, ಒಂದೇ ಸೋಫಾದಿಂದ ರೈಲಿನವರೆಗೆ ಬಂದು ತಿರುಗಿ ಅದೇ ಸೋಫಾಕ್ಕೆ ಹೋಗಬೇಕಾದ ಸಕ್ಕರೆ! ಸಂಹಿತಾ ಎರಡೂ ಕಾಲ್‌ಗಳನ್ನು ಸೇರಿಸಿದಳು. ತಾನು ಮಾತ್ರ ಬಾಯಿ ಬಿಗಿದು ಕೂತಳು.

"ಹಲೋ?"

"ಹಲೋ?"

ಆಮೇಲೆ ಇಬ್ಬರ ಫೋನಿನಲ್ಲೂ ಒಂದೇ ಫ್ಯಾನಿನ ಕಿರ್ ಕಿರ್.

"ಸಕ್ಕರಿ ಡಬ್ಬಿ ನಿಮ್ಮ ಮುಂದ ಐತ್ರಿ!" ಎಂದು ಕುಮುದಾ ಕೂಗಿದಳು.

"ಒದರಬ್ಯಾಡ" ಎಂದ ಜಯಂತ. "ಬಾಜೂಕ ಕುಂತೀನಿ."