ಹುಲಿಗೆವ್ವ ಎಂಬ ಹೆಸರು

ನೆಲದಡಿಯ ಆ ಊರಿನಲ್ಲಿ ಹೆಸರಿನ ಅಕ್ಷರಗಳನ್ನು ಲೆಕ್ಕ ಹಾಕಿ ಯಂತ್ರ ಕೊಡುವ ಸಂಖ್ಯೆಯೇ ಮನುಷ್ಯನ ಖಾನೆ. ಖಾನೆ ಸಿಗದವರನ್ನು ಅಂದೇ ಮೇಲಿನ ಸುಡುಬಿಸಿಲಿಗೆ ಕಳಿಸುತ್ತಿದ್ದರು.

ಹುಲಿಗೆವ್ವ ತೋಳಲ್ಲಿದ್ದ ಮೊಮ್ಮಗಳಿಗೆಂದು ಒಂಬತ್ತು ಹೆಸರು ಹೇಳಿದಳು. ಒಂಬತ್ತೂ ತುಂಬಿದ ಖಾನೆಗಳಿಗೇ ಹೋದವು.

"ಇನ್ನ ಜಾಗ ಇಲ್ಲಬೇ," ಎಂದ ಗುಮಾಸ್ತ ಫಕೀರಪ್ಪ. "ಇದ್ದವರ ಹೆಸರನ್ನ ಮತ್ತ ಬರದ್ರಷ್ಟ ಯಂತ್ರ ತಗೋತೈತಿ. ಆದ್ರ ಹಳಬರು ಅಳಿಸಿ ಹೋಗ್ತಾರ."

"ಹಂಗಾರ ಹುಲಿಗೆವ್ವ ಅಂತ ಬರಿ."

ಅವನು ಅವಳ ಮುಖವನ್ನೇ ನೋಡಿದ. ಅವಳು ಮೇಜು ತಟ್ಟಿದಳು. "ಬರಿಯಪಾ, ಕೂಸು ಹಸದೈತಿ."

ಅವನು ಬರೆದ.

ಹೊರಗೆ ಬಾಣಂತಿ ಮಗಳು ಕಾಯುತ್ತಿದ್ದಳು. "ಯಾವ ಹೆಸರಿಗೆ ಜಾಗ ಸಿಕ್ತಬೇ?"

"ಹಳೇ ಹೆಸರು, ಗಟ್ಟಿ ಐತಿ," ಎನ್ನುತ್ತ ಹುಲಿಗೆವ್ವ ಕೂಸನ್ನು ಅವಳ ಮಡಿಲಲ್ಲಿಟ್ಟು, ಮೇಲಕ್ಕೆ ಹೋಗುವ ಮೆಟ್ಟಿಲುಗಳತ್ತ ನಡೆದಳು.